ಕೆರೆ, ತೂಬು, ಕೋಡಿ: ಬೇಸಿಕ್ ಕಂಪೈಲರಿನಲ್ಲಿ ಸರಣಿ ಬಫರಿನ ಗಾತ್ರ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೀವು ನೋಡಿರಬಹುದು. ಶಾಂತಿಸಾಗರ ಎಂಬುದು ಅದರ ಇನ್ನೊಂದು ಹೆಸರು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ ಹರಿದ್ರಾ ಹಳ್ಳದ ನೀರನ್ನು ಅಲ್ಲಿ ನಿಲ್ಲಿಸಿದ್ದಾರೆ. ಮಳೆಗಾಲದಲ್ಲಿ ಹಳ್ಳವು ತನ್ನ ಇಷ್ಟ ಬಂದಾಗ, ಇಷ್ಟ ಬಂದಷ್ಟು ಹರಿದು ಬರುತ್ತದೆ. ಗದ್ದೆಗೆ ನೀರು ಬೇಕಾಗುವುದು ಬೇರೆ ಹೊತ್ತಿನಲ್ಲಿ, ಬೇರೆ ಪ್ರಮಾಣದಲ್ಲಿ. ಈ ಎರಡನ್ನೂ ಹೊಂದಿಸುವುದೇ ಕೆರೆಯ ಕೆಲಸ. ಬಂದ ನೀರು ನಿಲ್ಲುತ್ತದೆ. ಸಿದ್ಧ ಮತ್ತು ಬಸವ ಎಂಬ ಎರಡು ತೂಬುಗಳ ಮೂಲಕ ಬೇಕೆಂದಾಗ ನಾಲೆಗೆ ಇಳಿಯುತ್ತದೆ. ಬಂದದ್ದು ಹೆಚ್ಚಾಗಿ, ಬಿಟ್ಟದ್ದು ಕಡಿಮೆಯಾದರೆ ಕೆರೆ ಕೋಡಿ ಬೀಳುತ್ತದೆ.

ಗಣಕದೊಳಗೂ ಇಂಥದೇ ಒಂದು ಪುಟ್ಟ ಕೆರೆ ಇದೆ. ಅದರ ಹೆಸರು ಬಫರು. ಹೊರಗಿನ ಉಪಕರಣವೊಂದು ತಂತಿಯ ಮೂಲಕ ಕಳಿಸುವ ಅಕ್ಷರಗಳು, ನಮ್ಮ ಪ್ರೋಗ್ರಾಂ ಬಂದು ಓದುವ ತನಕ ಅಲ್ಲಿ ಕಾಯುತ್ತವೆ. ಬಫರು ತುಂಬಿದ ಮೇಲೆ ಬಂದ ಅಕ್ಷರ ಕೋಡಿಯ ನೀರಿನಂತೆ ಹೊರಟುಹೋಗುತ್ತದೆ. ಅದು ಮತ್ತೆ ಸಿಗದು. ಹಾಗಾದರೆ ಈ ಕೆರೆಯನ್ನು ಎಷ್ಟು ದೊಡ್ಡದಾಗಿ ಕಟ್ಟಬೇಕು? ದೊಡ್ಡದಾದಷ್ಟೂ ಒಳ್ಳೆಯದೇ? ಡಾಸ್ ಕಾಲದ ಬೇಸಿಕ್ ಭಾಷೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕೋಣ. ಬೇಸಿಕ್‌ನಲ್ಲಿ ಬಫರಿನ ಗಾತ್ರವನ್ನು ನಾವೇ ಒಂದು ಸಾಲಿನಲ್ಲಿ ಹೇಳಬಹುದು. ಆದ್ದರಿಂದ ವಿಷಯವನ್ನು ಕಲಿಯಲು ಅದಕ್ಕಿಂತ ಸುಲಭದ ಸಾಧನ ಇಲ್ಲ.

ಒಂದು ತಂತಿ, ಸಾಲು ಸಾಲು ಬಿಟ್‌ಗಳು

ಸರಣಿ ಸಂವಹನದಲ್ಲಿ ಒಂದು ಬೈಟಿನ ಎಂಟು ಬಿಟ್‌ಗಳು ಒಂದೇ ತಂತಿಯ ಮೇಲೆ ಒಂದರ ಹಿಂದೆ ಒಂದು ಸಾಗುತ್ತವೆ. ಹಳೆಯ ಗಣಕಗಳ ಹಿಂಬದಿಯಲ್ಲಿ ಒಂಬತ್ತು ಪಿನ್ನುಗಳ ಕನೆಕ್ಟರ್ ಇರುತ್ತಿತ್ತಲ್ಲ, ಅದೇ ಸರಣಿ ದ್ವಾರ. ಅದು ಪಾಲಿಸುವ ವಿದ್ಯುತ್ ನಿಯಮಗಳಿಗೆ ಆರ್‌ಎಸ್-232 ಎಂದು ಹೆಸರು. ಈ ಮಾನಕವು ಅಮೆರಿಕದಲ್ಲಿ 1960ರಲ್ಲಿ ರೂಪುಗೊಂಡಿತು; 1969ರಲ್ಲಿ ಪರಿಷ್ಕರಣೆಗೊಂಡ ‘ಸಿ’ ಆವೃತ್ತಿ ಬಹುಕಾಲ ಬಳಕೆಯಲ್ಲಿ ಉಳಿಯಿತು.

ಪ್ರತಿ ಬೈಟಿನ ಮುಂದೆ ಒಂದು ಆರಂಭದ ಬಿಟ್, ಹಿಂದೆ ಒಂದು ಮುಕ್ತಾಯದ ಬಿಟ್ ಸೇರುತ್ತದೆ. ಆದ್ದರಿಂದ ಎಂಟು ಬಿಟ್‌ಗಳ ಒಂದು ಅಕ್ಷರ ಸಾಗಲು ಒಟ್ಟು 10 ಬಿಟ್ ಬೇಕು. ವೇಗ ಸೆಕೆಂಡಿಗೆ 9600 ಬಿಟ್ ಇದ್ದರೆ ಸೆಕೆಂಡಿಗೆ 960 ಅಕ್ಷರಗಳು ಬರುತ್ತವೆ. ಅಂದರೆ ಎರಡು ಅಕ್ಷರಗಳ ನಡುವೆ ಸಿಗುವ ಬಿಡುವು ಸುಮಾರು 1.04 ಮಿಲಿಸೆಕೆಂಡು. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಬೊಗಸೆ, ಕೊಡ, ಕೆರೆ

ತಂತಿಯಿಂದ ಬಂದ ಬಿಟ್‌ಗಳನ್ನು ಜೋಡಿಸಿ ಬೈಟು ಮಾಡುವ ಚಿಪ್ಪಿಗೆ ಯುಎಆರ್‌ಟಿ ಎನ್ನುತ್ತಾರೆ. 1981ರಲ್ಲಿ ಬಂದ ಐಬಿಎಂ ಪಿಸಿಯ ಸರಣಿ ಕಾರ್ಡಿನಲ್ಲಿ ಇದ್ದದ್ದು 8250 ಎಂಬ ಚಿಪ್. ಜೋಡಿಸಿ ಮುಗಿದ ಅಕ್ಷರವನ್ನು ಇಟ್ಟುಕೊಳ್ಳಲು ಅದರಲ್ಲಿ ಒಂದೇ ಬೈಟಿನ ಜಾಗವಿತ್ತು. ಇದು ಬೊಗಸೆ ಇದ್ದಂತೆ. ಮುಂದಿನ ಅಕ್ಷರ ಬರುವುದರೊಳಗೆ ಬೊಗಸೆಯನ್ನು ಬರಿದು ಮಾಡದಿದ್ದರೆ ಹಳೆಯದು ಅಳಿಸಿಹೋಯಿತು. ಅನಂತರ ಬಂದ 16550ಎ ಚಿಪ್ಪಿನಲ್ಲಿ 16 ಬೈಟುಗಳ ಸಾಲು ಇತ್ತು. ಬೊಗಸೆಯ ಬದಲು ಕೊಡ ಸಿಕ್ಕಂತಾಯಿತು. 9600ರ ವೇಗದಲ್ಲಿ ಆ ಕೊಡ ತುಂಬಲು ಸುಮಾರು 17 ಮಿಲಿಸೆಕೆಂಡು ಸಾಕು.

ಪ್ರೋಗ್ರಾಂ ಪರದೆಗೆ ಬರೆಯುತ್ತಲೋ ಫ್ಲಾಪಿಗೆ ಬರೆಯುತ್ತಲೋ ಇರುವಾಗ, ಪ್ರತಿ ಮಿಲಿಸೆಕೆಂಡಿಗೂ ಬಂದು ಬೊಗಸೆಯನ್ನು ನೋಡುವವರು ಯಾರು? ಅದಕ್ಕಾಗಿ ಇಂಟರಪ್ಟ್ ವ್ಯವಸ್ಥೆ ಇದೆ. ಅಕ್ಷರ ಬಂದೊಡನೆ ಚಿಪ್ ಸಂಸ್ಕಾರಕದ ಬಾಗಿಲು ತಟ್ಟುತ್ತದೆ. ಸಂಸ್ಕಾರಕ ಕೈಯಲ್ಲಿದ್ದ ಕೆಲಸವನ್ನು ಕ್ಷಣಕಾಲ ನಿಲ್ಲಿಸಿ, ಆ ಅಕ್ಷರವನ್ನು ಸ್ಮೃತಿಯಲ್ಲಿ ಕಾದಿರಿಸಿದ ಜಾಗಕ್ಕೆ ಸಾಗಿಸಿ, ಮತ್ತೆ ತನ್ನ ಕೆಲಸಕ್ಕೆ ಮರಳುತ್ತದೆ. ಈ ಕಾದಿರಿಸಿದ ಜಾಗವೇ ನಮ್ಮ ಕೆರೆ, ಅಂದರೆ ಬಫರು. ಬೊಗಸೆ ಮತ್ತು ಕೊಡ ಚಿಪ್ಪಿನೊಳಗಿವೆ; ಅವುಗಳ ಗಾತ್ರವನ್ನು ಬೇಸಿಕ್ ಬದಲಿಸಲಾರದು. ಕೆರೆ ಮಾತ್ರ ನಮ್ಮ ಕೈಯಲ್ಲಿದೆ.

ಅಳಗುಳಿಮಣೆಯ ಆಟ

ಕೆರೆಯ ಹೋಲಿಕೆ ಒಂದು ಕಡೆ ಸೋಲುತ್ತದೆ. ಕೆರೆಯಲ್ಲಿ ನಿನ್ನೆಯ ನೀರು, ಇಂದಿನ ನೀರು ಬೆರೆತುಹೋಗುತ್ತವೆ. ಬಫರಿನಲ್ಲಿ ಹಾಗಿಲ್ಲ. ಮೊದಲು ಬಂದ ಅಕ್ಷರವೇ ಮೊದಲು ಹೊರಗೆ ಹೋಗಬೇಕು. ಇದನ್ನು ತಿಳಿಯಲು ಮನೆಯ ಅಟ್ಟದಿಂದ ಅಳಗುಳಿಮಣೆಯನ್ನು ಇಳಿಸಿಕೊಳ್ಳಿ. ಕರಾವಳಿಯವರು ಇದನ್ನೇ ಚೆನ್ನೆಮಣೆ ಎನ್ನುತ್ತಾರೆ. ಅದರಲ್ಲಿ 14 ಗುಳಿಗಳಿವೆ. ಸುತ್ತು ಹಾಕುತ್ತ ಬಂದರೆ ಕೊನೆಯ ಗುಳಿಯ ನಂತರ ಮತ್ತೆ ಮೊದಲ ಗುಳಿ.

ಒಬ್ಬ ವಿದ್ಯಾರ್ಥಿ ಗುಳಿಗೊಂದರಂತೆ ಹುಣಸೆ ಬೀಜ ಹಾಕುತ್ತ ಸಾಗಲಿ. ಇನ್ನೊಬ್ಬ ಅವನ ಹಿಂದೆಯೇ ಒಂದೊಂದಾಗಿ ಎತ್ತುತ್ತ ಬರಲಿ. ಹಾಕುವವನು ಇಂಟರಪ್ಟ್ ಸೇವೆ. ಎತ್ತುವವನು ನಿಮ್ಮ ಪ್ರೋಗ್ರಾಂ. ಎತ್ತುವವನು ಹಾಕುವವನನ್ನು ಮುಟ್ಟಿದರೆ ಮಣೆ ಖಾಲಿ. ಹಾಕುವವನು ಒಂದು ಸುತ್ತು ಮುಗಿಸಿ ಎತ್ತುವವನನ್ನು ಹಿಂದಿನಿಂದ ಮುಟ್ಟಿದರೆ ಮಣೆ ಭರ್ತಿ. ಇದಕ್ಕೆ ವರ್ತುಲ ಬಫರು ಎಂದು ಹೆಸರು. ಖಾಲಿಯಾದಾಗಲೂ ಭರ್ತಿಯಾದಾಗಲೂ ಇಬ್ಬರೂ ಒಂದೇ ಗುಳಿಯ ಬಳಿ ಇರುತ್ತಾರೆ ಎಂಬುದನ್ನು ಗಮನಿಸಿದಿರಾ? ಈ ಗೊಂದಲ ಬೇಡವೆಂದು ಕೆಲವು ವಿನ್ಯಾಸಗಳಲ್ಲಿ ಒಂದು ಗುಳಿಯನ್ನು ಸದಾ ಖಾಲಿ ಬಿಡುತ್ತಾರೆ. ಆಗ 64 ಬೈಟಿನ ಬಫರು 63 ಅಕ್ಷರಗಳನ್ನಷ್ಟೇ ಹಿಡಿಯುತ್ತದೆ.

ಈಗ ಚಪ್ಪಾಳೆಗೆ ಎರಡು ಬೀಜ ಹಾಕಲಿ, ಒಂದು ಬೀಜ ಎತ್ತಲಿ. 14 ಚಪ್ಪಾಳೆಗೆ ಮಣೆ ತುಂಬುತ್ತದೆ. ಎರಡು ಮಣೆ ಸೇರಿಸಿ 28 ಗುಳಿ ಮಾಡಿದರೆ 28 ಚಪ್ಪಾಳೆಗೆ ತುಂಬುತ್ತದೆ. ತುಂಬದೆ ಉಳಿಯುವ ಮಣೆಯೇ ಇಲ್ಲ! ಎತ್ತುವವನು ಸರಾಸರಿಯಲ್ಲಿ ಹಾಕುವವನಿಗಿಂತ ನಿಧಾನವಾಗಿದ್ದರೆ, ದೊಡ್ಡ ಬಫರು ಸೋಲನ್ನು ಮುಂದೂಡುತ್ತದೆ ಅಷ್ಟೆ.

ಇನ್ನೊಂದು ಆಟ. ಎತ್ತುವವನು ಐದು ಚಪ್ಪಾಳೆಯ ಕಾಲ ಸುಮ್ಮನಿರಲಿ. ಆಮೇಲೆ ಚಪ್ಪಾಳೆಗೆ ಮೂರರಂತೆ ಎತ್ತಲಿ. ಅವನು ಸುಮ್ಮನಿದ್ದಾಗ 10 ಬೀಜ ಸೇರಿದವು. ಮುಂದಿನ 10 ಚಪ್ಪಾಳೆಯಲ್ಲಿ ಅವೆಲ್ಲ ಕರಗಿದವು. ಇಲ್ಲಿ 10 ಗುಳಿ ಇದ್ದರೆ ಸಾಕು, ಬೀಜ ನಷ್ಟವಾಗದು. ಬಫರು ಬೇಕಾಗುವುದು ಇಂಥ ತಾತ್ಕಾಲಿಕ ತಡಕ್ಕೆ.

ಗಾತ್ರವನ್ನು ಹೇಳುವುದು ಎಲ್ಲಿ?

ಬೇಸಿಕ್ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ. ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅದರ ಜನಕರು. ಪಿಸಿಯ ಕಾಲಕ್ಕೆ ಅದರ ಹಲವು ರೂಪಗಳು ಬಂದವು. ಸರಣಿ ಬಫರಿನ ಗಾತ್ರವನ್ನು ಹೇಳುವ ರೀತಿ ಮೂರರಲ್ಲಿ ಮೂರು ಬಗೆ. ಕೆಳಗಿನ ಆಜ್ಞೆಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಗಣಕಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಮೊದಲನೆಯದು ಜಿಡಬ್ಲ್ಯೂ-ಬೇಸಿಕ್. ಇದು ಕಂಪೈಲರ್ ಅಲ್ಲ, ಒಂದೊಂದೇ ಸಾಲನ್ನು ಓದಿ ನಡೆಸುವ ಇಂಟರ್‌ಪ್ರಿಟರ್. ಇದನ್ನು ಆರಂಭಿಸುವಾಗಲೇ ಗಾತ್ರ ಹೇಳಬೇಕು:

ಜಿಡಬ್ಲ್ಯೂಬೇಸಿಕ್ /ಸಿ:1024

ಏನೂ ಹೇಳದಿದ್ದರೆ ಒಳಬರುವ ಅಕ್ಷರಗಳಿಗೆ 256 ಬೈಟ್, ಹೊರಹೋಗುವುದಕ್ಕೆ 128 ಬೈಟ್. ಪ್ರೋಗ್ರಾಂ ಮತ್ತು ದತ್ತಾಂಶ ಸೇರಿ 64 ಕಿಲೋಬೈಟಿನೊಳಗೆ ಬಾಳಬೇಕಾದ ಭಾಷೆ ಇದು. ಬಫರಿಗೆ ಕೊಟ್ಟಷ್ಟು ಜಾಗ ಪ್ರೋಗ್ರಾಮಿಗೆ ಕಡಿಮೆಯಾಗುತ್ತದೆ. ಕೆರೆ ದೊಡ್ಡದು ಮಾಡಿದರೆ ಹೊಲ ಮುಳುಗುವಂತೆ!

ಎರಡನೆಯದು ಬೋರ್ಲೆಂಡ್ ಸಂಸ್ಥೆಯ ಟರ್ಬೊ ಬೇಸಿಕ್, 1987ರದು. ಬಾಬ್ ಝೇಲ್ ಬರೆದ ಈ ಕಂಪೈಲರ್ ಮುಂದೆ ಪವರ್‌ಬೇಸಿಕ್ ಎಂಬ ಹೆಸರು ಪಡೆಯಿತು. ಇಲ್ಲಿ ಗಾತ್ರವನ್ನು ಪ್ರೋಗ್ರಾಮಿನೊಳಗೇ, ಡಾಲರ್ ಚಿಹ್ನೆಯಿಂದ ಆರಂಭವಾಗುವ ಸೂಚನೆಯಾಗಿ ಬರೆಯಬೇಕು:

$ಕಾಮ್1 1024

ಇದು ಪ್ರೋಗ್ರಾಂ ನಡೆಯುವಾಗ ಪಾಲಿಸುವ ಆಜ್ಞೆ ಅಲ್ಲ. ಕಂಪೈಲರಿಗೆ ಕೊಟ್ಟ ಸೂಚನೆ. ಆದ್ದರಿಂದ ಇಲ್ಲಿ ಚರದ ಹೆಸರು ಸಲ್ಲದು, ಸಂಖ್ಯೆಯನ್ನೇ ಬರೆಯಬೇಕು. ಗಾತ್ರ ಬದಲಿಸಬೇಕೆಂದರೆ ಮತ್ತೆ ಕಂಪೈಲ್ ಮಾಡಬೇಕು. ಸೂಚನೆ ಇಲ್ಲದಿದ್ದರೆ ಇಲ್ಲಿಯೂ 256 ಬೈಟ್.

ಮೂರನೆಯದು ಮೈಕ್ರೋಸಾಫ್ಟ್‌ನ ಕ್ವಿಕ್‌ಬೇಸಿಕ್. 1988ರ 4.5 ಆವೃತ್ತಿ ಹೆಚ್ಚು ಪ್ರಸಿದ್ಧ. ಇದರಲ್ಲಿ ದ್ವಾರವನ್ನು ತೆರೆಯುವ ಆಜ್ಞೆಯಲ್ಲೇ ಗಾತ್ರ ಹೇಳಬಹುದು:

ಓಪನ್ "ಕಾಮ್1:9600,ಎನ್,8,1,ಆರ್‌ಬಿ2048" ಫಾರ್ ರ‍್ಯಾಂಡಮ್ ಆ್ಯಸ್ #1

ಇಲ್ಲಿ 9600 ವೇಗ. ‘ಎನ್’ ಎಂದರೆ ಸಮತೆಯ ಬಿಟ್ ಇಲ್ಲ. 8 ದತ್ತಾಂಶದ ಬಿಟ್. 1 ಮುಕ್ತಾಯದ ಬಿಟ್. ‘ಆರ್‌ಬಿ’ ಒಳಬರುವ ಬಫರಿನ ಗಾತ್ರ. ‘ಟಿಬಿ’ ಎಂದು ಬರೆದರೆ ಹೊರಹೋಗುವ ಬಫರಿನದು. ಆರ್‌ಬಿ ಬರೆಯದಿದ್ದರೆ 512 ಬೈಟ್. ಈ 512ನ್ನು ಬದಲಿಸಲು ಕ್ವಿಕ್‌ಬೇಸಿಕ್ ಆರಂಭಿಸುವಾಗ, ಅಥವಾ ಬಿಸಿ ಎಂಬ ಕಂಪೈಲರನ್ನು ಕರೆಯುವಾಗ /ಸಿ: ಕೊಡುವ ದಾರಿಯೂ ಇದೆ. ಗರಿಷ್ಠ ಗಾತ್ರ 32,767 ಬೈಟ್. 15 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಅದೇ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ.

ಎಷ್ಟು ಸಾಕು?

ಸೂತ್ರ ಸರಳ. ಸೆಕೆಂಡಿಗೆ ಬರುವ ಅಕ್ಷರಗಳ ಸಂಖ್ಯೆಯನ್ನು, ಪ್ರೋಗ್ರಾಂ ಓದದೆ ಇರಬಹುದಾದ ಅತಿ ಹೆಚ್ಚಿನ ಸೆಕೆಂಡುಗಳಿಂದ ಗುಣಿಸಿ. ಬಂದ ಉತ್ತರವನ್ನು ಎರಡರಷ್ಟು ಮಾಡಿ. ಆ ಎರಡರಷ್ಟು ನಮ್ಮ ಭದ್ರತೆಗೆ. ದ್ವಾರಕ್ಕೆ ಎಡೆಬಿಡದೆ ಅಕ್ಷರಗಳು ಬಂದರೆ ಬಫರು ಎಷ್ಟು ಹೊತ್ತಿಗೆ ತುಂಬುತ್ತದೆ, ನೋಡಿ:

1200 ಬಿಟ್: ಸೆಕೆಂಡಿಗೆ 120 ಅಕ್ಷರ, 256 ಬೈಟ್ ತುಂಬಲು 2.13 ಸೆಕೆಂಡು, 4096 ತುಂಬಲು 34.1 ಸೆಕೆಂಡು
2400 ಬಿಟ್: ಸೆಕೆಂಡಿಗೆ 240 ಅಕ್ಷರ, 256ಕ್ಕೆ 1.07 ಸೆಕೆಂಡು, 4096ಕ್ಕೆ 17.1 ಸೆಕೆಂಡು
4800 ಬಿಟ್: ಸೆಕೆಂಡಿಗೆ 480 ಅಕ್ಷರ, 256ಕ್ಕೆ 0.53 ಸೆಕೆಂಡು, 4096ಕ್ಕೆ 8.53 ಸೆಕೆಂಡು
9600 ಬಿಟ್: ಸೆಕೆಂಡಿಗೆ 960 ಅಕ್ಷರ, 256ಕ್ಕೆ 0.27 ಸೆಕೆಂಡು, 4096ಕ್ಕೆ 4.27 ಸೆಕೆಂಡು

ಸೂತ್ರ ಸರಳವಾದರೂ ಅದನ್ನು ಬಳಸುವ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಬರುತ್ತಿರುವ ಅಕ್ಷರಗಳಲ್ಲಿ ನಮಗೆ ಬೇಕಾದದ್ದು ಯಾವುದು? ಎಲ್ಲವೂ ಬೇಕೇ, ಅಥವಾ ಈ ಕ್ಷಣದ್ದು ಮಾತ್ರ ಸಾಕೇ? ದಾವಣಗೆರೆ ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ ಕಾಣಬಹುದಾದ ಮೂರು ಕೆಲಸಗಳನ್ನು ಕಲ್ಪಿಸಿಕೊಂಡು ಇದನ್ನು ಪರಿಶೀಲಿಸೋಣ. ಅಂಕಿಗಳು ಲೆಕ್ಕಕ್ಕಾಗಿ ಆಯ್ದುಕೊಂಡವು.

ನ್ಯಾಮತಿಯ ಹಾಲಿನ ಡೇರಿ

ಬೆಳಿಗ್ಗೆ ಹಾಲು ಹಾಕುವವರ ಸಾಲು. ಹಾಲನ್ನು ಪರೀಕ್ಷಿಸುವ ಯಂತ್ರ ಪ್ರತಿ ಮಾದರಿಗೆ ಫ್ಯಾಟ್, ಎಸ್‌ಎನ್‌ಎಫ್ ಮುಂತಾದ ಅಂಕಿಗಳಿರುವ 40 ಅಕ್ಷರಗಳ ಒಂದು ಸಾಲನ್ನು ಗಣಕಕ್ಕೆ ಕಳಿಸುತ್ತದೆ ಎಂದಿಟ್ಟುಕೊಳ್ಳಿ. 2400ರ ವೇಗದಲ್ಲಿ ಆ ಸಾಲು 0.17 ಸೆಕೆಂಡಿನಲ್ಲಿ ಬಂದು ಮುಗಿಯುತ್ತದೆ. ಅನಂತರ ಮುಂದಿನವರ ಹಾಲು ಬರುವ ತನಕ ಮೌನ. ಗಣಕವು ಚೀಟಿ ಮುದ್ರಿಸಲು ಮೂರು ಸೆಕೆಂಡು ತೆಗೆದುಕೊಂಡರೂ ತೊಂದರೆ ಇಲ್ಲ. 256 ಬೈಟಿನ ಬಫರಿನಲ್ಲಿ ಇಂಥ ಆರು ಸಾಲುಗಳು ಹಿಡಿಸುತ್ತವೆ. ಇಲ್ಲಿ ಗಾತ್ರವನ್ನು ಮುಟ್ಟಬೇಕಾಗಿಯೇ ಇಲ್ಲ.

ಜಗಳೂರಿನ ಮಳೆ ದಾಖಲೆ

ಜಗಳೂರು ಮಳೆ ಕಡಿಮೆಯ ಸೀಮೆ. ತಿಂಗಳ ಮಳೆಯ ಬಹುಪಾಲು ಒಂದೆರಡು ಗಂಟೆಗಳಲ್ಲೇ ಸುರಿದುಬಿಡುವುದುಂಟು. ಹಾಗಾಗಿ ದಿನಕ್ಕೊಮ್ಮೆ ಅಳೆದರೆ ಸಾಲದು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಂಬ ಹೆಸರಿನ ಸಂಸ್ಥೆಯು 15 ನಿಮಿಷಕ್ಕೊಮ್ಮೆ ಮಳೆಯ ಅಂಕಿ ಪಡೆಯುವ ದೂರಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ಥಾಪಿಸಿದೆ.

ನಿಮ್ಮ ಶಾಲೆಯಲ್ಲೂ ಇದೇ ಅಂತರದಲ್ಲಿ ದಾಖಲಿಸುವ ಒಂದು ಮಳೆಮಾಪಕ ಇದೆ ಎನ್ನೋಣ. ದಿನಕ್ಕೆ 96 ದಾಖಲೆ. 30 ದಿನಕ್ಕೆ 2880. ಪ್ರತಿ ದಾಖಲೆ 20 ಅಕ್ಷರವಾದರೆ ಒಟ್ಟು 57,600 ಅಕ್ಷರ. 9600ರ ವೇಗದಲ್ಲಿ ಸರಿಯಾಗಿ 60 ಸೆಕೆಂಡು ಎಡೆಬಿಡದ ಹರಿವು. ಗರಿಷ್ಠ ಬಫರಾದ 32,767ರಲ್ಲೂ ಇದು ಹಿಡಿಸದು. ಆದ್ದರಿಂದ ಬಂದ ಹಾಗೆಲ್ಲ ಓದಿ ಡಿಸ್ಕಿಗೆ ಬರೆಯುತ್ತಿರಬೇಕು. ಡಿಸ್ಕು ಒಮ್ಮೊಮ್ಮೆ ಒಂದು ಸೆಕೆಂಡು ಕಾಯಿಸುತ್ತದೆ ಎಂದಾದರೆ ಅಷ್ಟರಲ್ಲಿ 960 ಅಕ್ಷರ ಸೇರುತ್ತವೆ. ಕ್ವಿಕ್‌ಬೇಸಿಕ್‌ನ 512 ಬೈಟು ಅರ್ಧ ದಾರಿಯಲ್ಲೇ ಕೋಡಿ ಬೀಳುತ್ತದೆ. 960ರ ಎರಡರಷ್ಟು 1920. ಆರ್‌ಬಿ2048 ಎಂದು ಬರೆದರೆ ಸರಿಹೋಗುತ್ತದೆ.

ಬರೆಯದಿದ್ದರೆ? ನಡುವೆ ನೂರಾರು ಅಕ್ಷರ ಕಾಣೆಯಾಗುತ್ತವೆ. ಹೋದ ದಾಖಲೆಯ ಬಾಲ ಇಲ್ಲದೆ, ಬಂದ ದಾಖಲೆಯ ತಲೆ ಇಲ್ಲದೆ ಎರಡು ಸಾಲು ಅಂಟಿಕೊಳ್ಳುತ್ತವೆ. ಹೀಗೆ ಹೋದ ಅರ್ಧ ಸೆಕೆಂಡಿನಲ್ಲಿ ಆ ತಿಂಗಳ ಏಕೈಕ ದೊಡ್ಡ ಮಳೆಯೇ ಇದ್ದಿರಬಹುದು. ಆಗ ಕಡತ ಆ ತಿಂಗಳನ್ನು ಬರವೆಂದು ಹೇಳುತ್ತದೆ.

ಹೊನ್ನಾಳಿಯ ವೇಬ್ರಿಡ್ಜ್

ಇನ್ನು ಮೂರನೆಯದು, ಹೆಚ್ಚು ಜನ ಎಡವುವ ಜಾಗ. ಹೊನ್ನಾಳಿಯಲ್ಲಿ ಭತ್ತ, ಮೆಕ್ಕೆಜೋಳ ತುಂಬಿದ ಲಾರಿ ವೇಬ್ರಿಡ್ಜಿನ ಮೇಲೆ ಏರುತ್ತಿದೆ. ತೂಕ ತೋರಿಸುವ ಯಂತ್ರ ಯಾರೂ ಕೇಳದಿದ್ದರೂ ಸೆಕೆಂಡಿಗೆ 10 ಸಲ, ಪ್ರತಿ ಸಲ 12 ಅಕ್ಷರದಂತೆ ತೂಕವನ್ನು ಕಳಿಸುತ್ತಲೇ ಇರುತ್ತದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 120 ಅಕ್ಷರ. ಗುಮಾಸ್ತರು ಲಾರಿಯ ಸಂಖ್ಯೆ, ರೈತರ ಹೆಸರು ಬೆರಳಚ್ಚು ಮಾಡಲು 30 ಸೆಕೆಂಡು ಬೇಕು. ಆ ಹೊತ್ತಿನಲ್ಲಿ ಪ್ರೋಗ್ರಾಂ ತೂಕವನ್ನು ಓದುವುದಿಲ್ಲ. 512 ಬೈಟಿನ ಬಫರು ನಾಲ್ಕೂಕಾಲು ಸೆಕೆಂಡಿನಲ್ಲೇ ತುಂಬುತ್ತದೆ. ಗುಮಾಸ್ತರು ಎಂಟರ್ ಒತ್ತಿದಾಗ ಪ್ರೋಗ್ರಾಂ ‘ಬಫರು ತುಂಬಿ ಹರಿದಿದೆ’ ಎಂಬ ದೋಷ ತೋರಿಸಿ ನಿಲ್ಲುತ್ತದೆ.

ಬರೆದವನು ಸೂತ್ರವನ್ನು ನೆನೆಯುತ್ತಾನೆ. 120ನ್ನು 30ರಿಂದ ಗುಣಿಸಿದರೆ 3600. ಆರ್‌ಬಿ4096 ಎಂದು ತಿದ್ದುತ್ತಾನೆ. ದೋಷ ಮಾಯ! ಎಲ್ಲರಿಗೂ ಸಂತೋಷ. ಆದರೆ ಒಂದು ಕ್ಷಣ ಯೋಚಿಸಿ. ಬಫರಿನಲ್ಲಿ ಮೊದಲು ಬಂದದ್ದೇ ಮೊದಲು ಹೊರಬರುತ್ತದೆ. ಪ್ರೋಗ್ರಾಂ ಈಗ ಓದುವ ಮೊದಲ ತೂಕ 30 ಸೆಕೆಂಡು ಹಳೆಯದು. ಆಗ ಲಾರಿಯ ಮುಂದಿನ ಚಕ್ರಗಳಷ್ಟೇ ಹಲಗೆಯ ಮೇಲಿದ್ದಿರಬಹುದು. ಇಲ್ಲವೇ ಹಿಂದಿನ ಲಾರಿಯೇ ಇನ್ನೂ ಇಳಿಯುತ್ತಿದ್ದಿರಬಹುದು. ಚೀಟಿಯಲ್ಲಿ ಮುದ್ರಣವಾಗುವುದು ಆ ತೂಕ. ಮೊದಲಿನ ಸಣ್ಣ ಬಫರು ‘ಏನೋ ಸರಿಯಿಲ್ಲ’ ಎಂದು ಕೂಗಿಯಾದರೂ ಹೇಳುತ್ತಿತ್ತು. ದೊಡ್ಡ ಬಫರು ತಪ್ಪು ಉತ್ತರವನ್ನು ಸದ್ದಿಲ್ಲದೆ ಕೊಡುತ್ತದೆ. ಅದರ ಬೆಲೆ ತೆರುವವರು ರೈತರೋ ವ್ಯಾಪಾರಿಯೋ, ಯಾರಾದರೊಬ್ಬರು.

ಇಲ್ಲಿ ಮಾಡಬೇಕಾದದ್ದು ಬೇರೆ. ಹಳೆಯ ತೂಕಗಳು ನಮಗೆ ಬೇಡವೇ ಬೇಡ. ಹೆಸರು, ಸಂಖ್ಯೆ ಎಲ್ಲ ಬೆರಳಚ್ಚಾದ ಮೇಲೆ, ತೂಕ ಹಿಡಿಯುವ ಕ್ಷಣದಲ್ಲಿ ಮಾತ್ರ ದ್ವಾರವನ್ನು ಓಪನ್ ಮಾಡಿ. ಒಂದು ಪೂರ್ಣ ಸಾಲಿನ ಆರಂಭ ಚಿಹ್ನೆ ಬರುವ ತನಕ ಸಿಕ್ಕ ಅಕ್ಷರಗಳನ್ನು ಬಿಸಾಡಿ. ಬಳಿಕ ಒಂದರ ಹಿಂದೆ ಒಂದು ಮೂರು ತೂಕ ಓದಿ. ಮೂರೂ ಒಂದೇ ಆಗಿದ್ದರೆ ಮಾತ್ರ ಒಪ್ಪಿ, ದ್ವಾರವನ್ನು ಕ್ಲೋಸ್ ಮಾಡಿ. ಈ ಕೆಲಸಕ್ಕೆ 256 ಬೈಟು ಧಾರಾಳ.

ಮೂರು ಕೆಲಸಗಳಿಂದ ಕಲಿತದ್ದು ಇಷ್ಟು. ಎಲ್ಲ ಅಕ್ಷರಗಳೂ ಬೇಕಾದಲ್ಲಿ ಅತಿ ದೊಡ್ಡ ತಡವನ್ನು ಲೆಕ್ಕ ಹಾಕಿ ಬಫರು ಕಟ್ಟಿ. ಇತ್ತೀಚಿನದು ಮಾತ್ರ ಬೇಕಾದಲ್ಲಿ ಬಫರನ್ನು ಸಣ್ಣದಿಡಿ, ಓದುವ ಮೊದಲು ಬರಿದು ಮಾಡಿ. ಅಪರೂಪಕ್ಕೆ ಸ್ವಲ್ಪವೇ ಬರುವಲ್ಲಿ ಇದ್ದದ್ದೇ ಸಾಕು.

ಪಂಪ್‌ಹೌಸಿಗೆ ಸುದ್ದಿ ಮುಟ್ಟಿಸುವುದು

ಹಳ್ಳವನ್ನು ‘ನಿಲ್ಲು’ ಎಂದರೆ ನಿಲ್ಲುವುದಿಲ್ಲ. ಪಂಪು ನಿಲ್ಲುತ್ತದೆ. ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಏತ ಯೋಜನೆಯನ್ನು ನೆನೆಯಿರಿ. ಅಲ್ಲಿ ಕೆರೆ ತುಂಬುತ್ತ ಬಂದಾಗ ನದಿಯ ಬಳಿಯ ಪಂಪ್‌ಹೌಸಿಗೆ ಸುದ್ದಿ ಮುಟ್ಟಿಸಬಹುದು. ಕಳಿಸುವ ಉಪಕರಣಕ್ಕೆ ಇಂಥ ಸುದ್ದಿ ಅರ್ಥವಾಗುವುದಾದರೆ ಸರಣಿ ಸಂವಹನದಲ್ಲೂ ಇದು ಸಾಧ್ಯ. 19 ಸಂಖ್ಯೆಯ ಅಕ್ಷರ ಕಳಿಸಿದರೆ ‘ನಿಲ್ಲಿಸು’, 17 ಸಂಖ್ಯೆಯದು ಕಳಿಸಿದರೆ ‘ಮುಂದುವರಿಸು’. ಇವಕ್ಕೆ ಎಕ್ಸ್-ಆಫ್, ಎಕ್ಸ್-ಆನ್ ಎಂದು ಹೆಸರು. ಬೇಸಿಕ್ ಇದನ್ನು ತಾನಾಗಿ ಮಾಡುವುದಿಲ್ಲ. ಪ್ರೋಗ್ರಾಂ ಬರೆಯುವವರೇ ಮಾಡಬೇಕು. ಬಫರಿನಲ್ಲಿ ಎಷ್ಟು ಅಕ್ಷರ ಕಾಯುತ್ತಿವೆ ಎಂಬುದನ್ನು ಎಲ್‌ಓಸಿ ಎಂಬ ಫಲನ ತಿಳಿಸುತ್ತದೆ. ಜಿಡಬ್ಲ್ಯೂ-ಬೇಸಿಕ್‌ನಲ್ಲಿ ಎಷ್ಟೇ ಇದ್ದರೂ ಅದು 255ಕ್ಕಿಂತ ಹೆಚ್ಚು ಹೇಳದು ಎಂಬುದು ನೆನಪಿರಲಿ.

ಪೂರ್ತಿ ತುಂಬಿದ ಮೇಲೆ ‘ನಿಲ್ಲಿಸು’ ಎಂದರೆ ತಡವಾಯಿತು. ಪಂಪು ನಿಂತರೂ ಕೊಳವೆಯಲ್ಲಿದ್ದ ನೀರು ಬಂದೇ ಬರುತ್ತದೆ. ಹಾಗೆಯೇ ದಾರಿಯಲ್ಲಿರುವ ಅಕ್ಷರಗಳೂ ಬರುತ್ತವೆ. ಆದ್ದರಿಂದ ಮುಕ್ಕಾಲು ತುಂಬಿದಾಗಲೇ ನಿಲ್ಲಿಸಲು ಹೇಳಿ, ಕಾಲು ಭಾಗಕ್ಕೆ ಇಳಿದಾಗ ಮುಂದುವರಿಸಲು ಹೇಳುವುದು ವಾಡಿಕೆ. ಬರುವ ದತ್ತಾಂಶದಲ್ಲೇ 17, 19 ಇರಬಹುದಾದಲ್ಲಿ ಈ ವಿಧಾನ ಸಲ್ಲದು. ಆಗ ಕೇಬಲಿನಲ್ಲಿರುವ ಬೇರೆ ತಂತಿಗಳಿಂದ ಸಂಜ್ಞೆ ಮಾಡಬೇಕಾಗುತ್ತದೆ.

69 ಮತ್ತು 57

ದೋಷದ ಸಂಖ್ಯೆಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. 69 ಎಂದರೆ ಬಫರು ತುಂಬಿ ಹರಿದಿದೆ, ಅಂದರೆ ಕೆರೆ ಕೋಡಿ ಬಿದ್ದಿದೆ. ಓದುವ ತಡ ಅಥವಾ ಬಫರಿನ ಗಾತ್ರ ಅದಕ್ಕೆ ಕಾರಣ. 57 ಎಂದರೆ ಉಪಕರಣದ ಕಡೆಯ ದೋಷ. ಬೊಗಸೆ ತುಳುಕಿದೆ, ಅಥವಾ ಎರಡು ತುದಿಗಳ ವೇಗ ಹೊಂದಿಲ್ಲ, ಅಥವಾ ತಂತಿಯಲ್ಲಿ ಗದ್ದಲವಿದೆ. ಇಂಥಲ್ಲಿ ಬಫರನ್ನು 32,767ಕ್ಕೆ ಏರಿಸಿದರೂ ಉಪಯೋಗವಿಲ್ಲ. ಬೊಗಸೆಯಿಂದ ಚೆಲ್ಲಿದ ನೀರಿಗೆ ಕೆರೆಯ ಏರಿ ಎತ್ತರಿಸಿ ಏನು ಫಲ? ವೇಗ ಇಳಿಸಿ ನೋಡಿ, ಕೇಬಲ್ ಬದಲಿಸಿ ನೋಡಿ, ಎರಡೂ ಕಡೆಯ ಹೊಂದಾಣಿಕೆ ಒಂದೇ ಇದೆಯೇ ಎಂದು ಪರೀಕ್ಷಿಸಿ.

ಮಾಡಿ ನೋಡಿ

ಬೇಕಾದದ್ದು: ಸರಣಿ ದ್ವಾರವಿರುವ ಹಳೆಯ ಗಣಕ, ಕ್ವಿಕ್‌ಬೇಸಿಕ್, ಒಂದು ತುಂಡು ತಂತಿ. ಹೊಸ ಗಣಕವಾದರೆ ಯುಎಸ್‌ಬಿಯಿಂದ ಸರಣಿಗೆ ಬದಲಿಸುವ ಕೇಬಲನ್ನೂ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವನ್ನೂ ಬಳಸಿ ಯತ್ನಿಸಬಹುದು.

1. ಒಂಬತ್ತು ಪಿನ್ನಿನ ಕನೆಕ್ಟರಿನ 2 ಮತ್ತು 3ನೆಯ ಪಿನ್ನುಗಳನ್ನು ತಂತಿಯಿಂದ ಜೋಡಿಸಿ. ಈಗ ಗಣಕ ಕಳಿಸಿದ್ದು ಅದಕ್ಕೇ ಮರಳಿ ಬರುತ್ತದೆ.

2. ದ್ವಾರವನ್ನು "ಕಾಮ್1:1200,ಎನ್,8,1,ಸಿಎಸ್0,ಡಿಎಸ್0,ಸಿಡಿ0,ಆರ್‌ಬಿ256" ಎಂದು ತೆರೆಯಿರಿ. ಸಿಎಸ್0, ಡಿಎಸ್0, ಸಿಡಿ0 ಎಂಬವು ಉಳಿದ ತಂತಿಗಳ ಸಂಜ್ಞೆಗೆ ಕಾಯಬೇಡ ಎಂದು ಹೇಳುತ್ತವೆ.

3. ಫಾರ್-ನೆಕ್ಸ್ಟ್ ಆವರ್ತನದಿಂದ 100 ಅಕ್ಷರ ಕಳಿಸಿ, ಐದು ಸೆಕೆಂಡು ಕಾದು, ಎಲ್‌ಓಸಿಯ ಬೆಲೆಯನ್ನು ಪರದೆಗೆ ತನ್ನಿ. 100 ಬರಬೇಕು.

4. ಈಗ ಪ್ರೋಗ್ರಾಮನ್ನು ಹೊಸದಾಗಿ ನಡೆಸಿ 400 ಅಕ್ಷರ ಕಳಿಸಿ. ಓದಲು ಯತ್ನಿಸಿದಾಗ ಯಾವ ದೋಷ ಬರುತ್ತದೆ? ಆರ್‌ಬಿ1024 ಎಂದು ತಿದ್ದಿ ಮತ್ತೆ ನಡೆಸಿ. ಏನು ಬದಲಾಯಿತು?

5. ಒಂದೇ ಅಕ್ಷರದ ಬದಲು 1, 2, 3 ಎಂದು ಏರುವ ಸಂಖ್ಯೆಗಳನ್ನು ಕಳಿಸಿ, ನಡುವೆ ಕಾದು, ಓದಿದ ಮೊದಲ ಸಂಖ್ಯೆ ಯಾವುದೆಂದು ನೋಡಿ. ವೇಬ್ರಿಡ್ಜಿನ ಹಳೆಯ ತೂಕ ಎಂದರೇನೆಂದು ಕಣ್ಣಾರೆ ಕಾಣುತ್ತದೆ.

ಹಳೆಯ ಭಾಷೆ, ಹೊಸ ಯಂತ್ರ

ಕ್ವಿಕ್‌ಬೇಸಿಕ್ ಈಗ ಮಾರುಕಟ್ಟೆಯಲ್ಲಿ ಇಲ್ಲ. ಜಿಡಬ್ಲ್ಯೂ-ಬೇಸಿಕ್‌ನ ಮೂಲ ಸಂಕೇತವನ್ನು ಮೈಕ್ರೋಸಾಫ್ಟ್ 2020ರಲ್ಲಿ ಎಲ್ಲರಿಗೂ ತೆರೆದಿಟ್ಟಿತು, ಆಸಕ್ತರು ಓದಬಹುದು. ಆದರೆ ಬಫರು ಹಳತಾಗಿಲ್ಲ. ವಿಷುಯಲ್ ಬೇಸಿಕ್ 6ರ ಸರಣಿ ಘಟಕದಲ್ಲಿ ಒಳಬರುವ ಬಫರು 1024 ಬೈಟ್ ಎಂದು ನಿಗದಿಯಾಗಿರುತ್ತಿತ್ತು. ಇಂದು ಶಾಲೆಗಳ ಪ್ರಯೋಗಾಲಯಗಳಲ್ಲಿ ಕಾಣುವ ಆರ್ಡುಯಿನೊ ಊನೊ ಫಲಕದಲ್ಲಿ ಸ್ಮೃತಿ ಇರುವುದೇ 2048 ಬೈಟ್. ಅದರಲ್ಲಿ ಒಳಬರುವ ಬಫರಿಗೆ ಸಿಕ್ಕಿರುವುದು 64. ಸೆಕೆಂಡಿಗೆ 1,15,200 ಬಿಟ್‌ಗಳ ವೇಗದಲ್ಲಿ ಅದು ಆರು ಮಿಲಿಸೆಕೆಂಡಿನೊಳಗೆ ತುಂಬುತ್ತದೆ. ಪ್ರೋಗ್ರಾಮಿನಲ್ಲಿ ಒಂದು ಸೆಕೆಂಡು ಸುಮ್ಮನಿರು ಎಂಬ ಸಾಲು ಇದ್ದರೆ ಅಷ್ಟರಲ್ಲಿ ಎಷ್ಟು ಅಕ್ಷರ ಕೋಡಿಗೆ ಹೋದವು? ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ. ಒಂದು ಎಚ್ಚರಿಕೆ: ಆರ್‌ಎಸ್-232 ದ್ವಾರದ ವಿದ್ಯುತ್ ಮಟ್ಟ ಬೇರೆ, ಆರ್ಡುಯಿನೊದ್ದು ಬೇರೆ. ಎರಡನ್ನೂ ನೇರವಾಗಿ ಜೋಡಿಸಿದರೆ ಫಲಕ ಸುಟ್ಟುಹೋಗಬಹುದು. ನಡುವೆ ಮಟ್ಟ ಬದಲಿಸುವ ಚಿಪ್ ಇರಲೇಬೇಕು.

ಯಾವ ಭಾಷೆಯಾದರೂ, ಯಾವ ಯಂತ್ರವಾದರೂ ಗಾತ್ರದ ಸಂಖ್ಯೆ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಸೆಕೆಂಡಿಗೆ ಎಷ್ಟು ಬರುತ್ತದೆ? ನಾನು ಎಷ್ಟು ಹೊತ್ತು ಓದದೆ ಇರಬಹುದು? ಬಂದದ್ದರಲ್ಲಿ ನನಗೆ ಬೇಕಾದದ್ದು ಯಾವುದು? ಮೊದಲ ಎರಡಕ್ಕೆ ಗುಣಾಕಾರ ಸಾಕು. ಮೂರನೆಯದಕ್ಕೆ ತಂತಿಯ ಆ ತುದಿಯಲ್ಲಿ ನಡೆಯುತ್ತಿರುವುದು ಏನೆಂದು ಹೋಗಿ ನೋಡಬೇಕು.